ಹಳಿ ಮೇಲೆ ವ್ಯಾಗನ್ ಇದೆ, ಸಿಗ್ನಲ್ ಮಾತ್ರ ಹಸಿರು: ಡಿಜಿಟಲ್ ಮಾಡೆಲ್ ರೈಲಿಗೆ ಡಿಟೆಕ್ಷನ್ ಮತ್ತೆ ಸಿಗ್ನಲ್ ಹಾಕೋ ಬಗ್ಗೆ

ಮಾಡೆಲ್ ರೈಲಿಗೆ ಸಿಗ್ನಲ್ ಹಾಕ್ಬೇಕು ಅಂತ ಆಸೆ ಬಂದ ತಕ್ಷಣ ಹೆಚ್ಚಿನವ್ರು ಮೊದ್ಲು ಮಾಡೋದು ಸಿಗ್ನಲ್ ಕಂಬ ತಗೊಂಡು ನೆಡೋದು. ನಾನೂ ಹಾಗೇ ಮಾಡಿದ್ದು. ಕೆಂಪು ಹಳದಿ ಹಸಿರು ಚೆನ್ನಾಗಿ ಬರ್ತಿತ್ತು, ಇಂಜಿನ್ ಹೋದ ಹಾಗೆಲ್ಲ ಬಣ್ಣ ಬದಲಾಗ್ತಿತ್ತು, ಖುಷಿಯೋ ಖುಷಿ. ಆಮೇಲೆ ಒಂದಿನ ಗೂಡ್ಸ್ ಗಾಡಿಯ ಕಪ್ಲಿಂಗ್ ಮಧ್ಯದಲ್ಲಿ ಬಿಟ್ಕೊಳ್ತು, ಇಂಜಿನ್ ಮುಂದಿನ ಬ್ಲಾಕಿಗೆ (ಸಿಗ್ನಲ್‌ಗೋಸ್ಕರ ಬೇರೆ ಮಾಡಿದ ಹಳಿಯ ಒಂದು ಭಾಗಕ್ಕೆ) ಹೋಯ್ತು, ಹಿಂದಿನ ಮೂರು ವ್ಯಾಗನ್ ಅಲ್ಲೇ ನಿಂತ್ವು, ಆದ್ರೆ ಆ ಬ್ಲಾಕಿನ ಸಿಗ್ನಲ್ ಸ್ವಲ್ಪ ಹೊತ್ತಿಗೆ ಹಸಿರಾಯ್ತು. ಹಿಂದೆ ಬರ್ತಿದ್ದ ಪ್ಯಾಸೆಂಜರ್ ಗಾಡಿ ಹಸಿರು ನೋಡ್ಕೊಂಡು ನೇರವಾಗಿ ಬಂದು ಗುದ್ದಿತು.

ಇಲ್ಲಿ ಸಿಗ್ನಲ್‌ದೇನೂ ತಪ್ಪಿಲ್ಲ. ಅದು ಬ್ಲಾಕಲ್ಲಿ ಗಾಡಿ ಇದೆಯಾ ಅಂತ ಪತ್ತೆ ಮಾಡೋ ಡಿಟೆಕ್ಟರ್‌ನ ಕೇಳ್ತು, ಡಿಟೆಕ್ಟರ್ "ಖಾಲಿ ಇದೆ" ಅಂತು, ಅದು ಹಸಿರು ಕೊಡ್ತು. ಹಾಗಾಗಿ ಸಿಗ್ನಲಿಂಗ್ ಅಂದ್ರೆ ಕಂಬ, ದೀಪ ಅಲ್ಲ, ಹಳಿ ಖಾಲಿ ಇದೆಯಾ ಇಲ್ವಾ ಅಂತ ನಂಬೋ ಹಾಗೆ ತಿಳ್ಕೊಳ್ಳೋದು. ಅದರಲ್ಲೂ "ಗಾಡಿ ಇದೆ" ಅನ್ನೋ ಮಾತು ತಪ್ಪಾದ್ರೆ ಗಾಡಿ ಸುಮ್ನೆ ಕಾಯತ್ತೆ ಅಷ್ಟೆ, "ಖಾಲಿ ಇದೆ" ಅನ್ನೋ ಮಾತು ತಪ್ಪಾದ್ರೇನೇ ಅಪಘಾತ. ಈ ಲೇಖನ ಪೂರ್ತಿ ಆ ಎರಡನೇ ಮಾತನ್ನ ಹೇಗೆ ಗಟ್ಟಿ ಮಾಡ್ಕೊಳ್ಳೋದು ಅನ್ನೋದರ ಬಗ್ಗೇನೇ.

ನಿಜವಾದ ರೈಲ್ವೆಯವ್ರು ಇದನ್ನ ಬಹಳ ಹಿಂದೇನೇ ಬಗೆಹರಿಸಿದ್ದಾರೆ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಅನ್ನೋರು ಕ್ಲೋಸ್ಡ್ ಟ್ರ್ಯಾಕ್ ಸರ್ಕ್ಯೂಟ್‌ಗೆ ಪೇಟೆಂಟ್ ತಗೊಂಡ್ರು. ಅದರ ಉಪಾಯ ಇಷ್ಟೇ: ಹಳಿಯ ಒಂದು ತುಂಡಿನ ಈ ಕಡೆ ತುದಿಯಲ್ಲಿ ಬ್ಯಾಟರಿ, ಆ ಕಡೆ ತುದಿಯಲ್ಲಿ ರಿಲೇ (ಕರೆಂಟ್ ಬಂದ್ರೆ ಎತ್ಕೊಳ್ಳೋ ಸ್ವಿಚ್), ಹಳಿ ಖಾಲಿ ಇದ್ದಾಗ ಕರೆಂಟ್ ಹರಿದು ರಿಲೇ ಮೇಲೆ ಎತ್ಕೊಂಡಿರತ್ತೆ. ಗಾಡಿ ಬಂದ್ರೆ ಅದರ ಗಾಲಿ, ಆಕ್ಸಲ್ ಎಲ್ಲ ಕಬ್ಬಿಣ ಆದ್ರಿಂದ ಎರಡು ಹಳಿನೂ ಒಂದಾಗ್ಬಿಡತ್ತೆ, ರಿಲೇಗೆ ಕರೆಂಟ್ ಸಿಗದೆ ಕೆಳಗೆ ಬೀಳತ್ತೆ, ಸಿಗ್ನಲ್ ಕೆಂಪು. ಇದರ ಸೊಗಸು ಏನಂದ್ರೆ ವೈರ್ ಕಿತ್ಕೊಂಡ್ರೂ, ಬ್ಯಾಟರಿ ಸತ್ರೂ, ಹಳಿ ಮುರಿದ್ರೂ ಕೂಡ ರಿಲೇ ಬಿದ್ದು ಕೆಂಪೇ ಬರತ್ತೆ. ಏನೇ ಕೆಟ್ರೂ ಗಾಡಿ ನಿಲ್ಲೋ ಕಡೆಗೇ ಕೆಡತ್ತೆ.

ನಮ್ಮ ಮಾಡೆಲ್‌ನಲ್ಲಿ ಇದು ಪೂರ್ತಿ ಉಲ್ಟಾ. ನಮ್ಮ ಹಳಿಯಲ್ಲೇ ಇಂಜಿನ್ ಓಡೋ ಕರೆಂಟ್ ಇರತ್ತೆ, ಆದ್ರಿಂದ ಎರಡು ಹಳಿನ ಗಾಲಿ ಒಂದು ಮಾಡಿದ್ರೆ ಅದು ಶಾರ್ಟ್. ಅದಕ್ಕೇ ಎರಡು ಹಳಿ ಪದ್ಧತಿಯ ಗಾಡಿಗಳಲ್ಲಿ ಪ್ರತಿ ಆಕ್ಸಲ್‌ನ ಕಡೇಪಕ್ಷ ಒಂದು ಗಾಲಿಗೆ ಪ್ಲಾಸ್ಟಿಕ್ ಬುಷ್ ಹಾಕಿ ಇನ್ಸುಲೇಟ್ ಮಾಡಿರ್ತಾರೆ. ಹೀಗಾಗಿ ನಾವು ಮಾಡೋದು ಏನಂದ್ರೆ, ಬ್ಲಾಕ್ ಒಳಗೆ ಯಾರಾದ್ರೂ ಕರೆಂಟ್ ಎಳೀತಿದಾರಾ ಅಂತ ನೋಡೋದು, ಎಳೀತಿದ್ರೆ ಗಾಡಿ ಇದೆ, ಇಲ್ಲಾಂದ್ರೆ ಖಾಲಿ. ಅಂದ್ರೆ ಇಲ್ಲಿ ವೈರ್ ಕಿತ್ಕೊಂಡ್ರೆ ಕರೆಂಟ್ ಇಲ್ಲ, ಕರೆಂಟ್ ಇಲ್ಲ ಅಂದ್ರೆ "ಖಾಲಿ", ಖಾಲಿ ಅಂದ್ರೆ ಹಸಿರು. ಕೆಟ್ರೆ ಅಪಾಯದ ಕಡೆಗೇ ಕೆಡತ್ತೆ. ಇದೊಂದು ತಲೆಯಲ್ಲಿ ಕೂತ್ರೆ ಮುಂದಿಂದೆಲ್ಲ ತಾನಾಗೇ ಅರ್ಥ ಆಗ್ತಾ ಹೋಗತ್ತೆ. (ಮಾರ್ಕ್‌ಲಿನ್‌ನ ಮೂರು ಹಳಿ ಪದ್ಧತಿಯವ್ರಿಗೆ ಇಲ್ಲಿ ಒಂದು ಅನುಕೂಲ ಇದೆ, ಅಲ್ಲಿ ಕರೆಂಟ್ ಮಧ್ಯದ ಸ್ಟಡ್‌ಗಳಿಂದ ಬರೋದ್ರಿಂದ ಗಾಲಿ ಇನ್ಸುಲೇಟ್ ಮಾಡೋ ಅಗತ್ಯ ಇಲ್ಲ, ಹೊರಗಿನ ಎರಡು ಹಳಿಯಲ್ಲಿ ಒಂದನ್ನ ಬೇರೆ ಮಾಡಿದ್ರೆ ಸಾಕು, ಪ್ರತಿ ವ್ಯಾಗನ್ನೂ ತಾನಾಗೇ ಪತ್ತೆ ಆಗತ್ತೆ.)

ಡಿಸಿಸಿ, ಅಂದ್ರೆ ಹಳಿಯ ಕರೆಂಟ್ ಮೂಲಕನೇ ಇಂಜಿನ್‌ಗೆ ಡಿಜಿಟಲ್ ಆದೇಶ ಕಳ್ಸೋ ಪದ್ಧತಿ, ಅದರ ಬಗ್ಗೆ ಎರಡು ಮಾತು. ಹಳೇ ಡಿಸಿ ಪದ್ಧತಿಯಲ್ಲಿ ಗಾಡಿ ನಿಲ್ಸೋಕೆ ಹಳಿಯ ಕರೆಂಟನ್ನೇ ತೆಗೀಬೇಕಿತ್ತು, ಹಾಗಾಗಿ ನಿಂತ ಗಾಡಿನ ಪತ್ತೆ ಮಾಡೋದು ತಲೆನೋವು. ಡಿಸಿಸಿಯಲ್ಲಿ ಹಳಿಗೆ ಯಾವಾಗ್ಲೂ ಪೂರ್ತಿ ವೋಲ್ಟೇಜ್ ಇರತ್ತೆ, ಎಚ್‌ಒ ಅನ್ನೋ ಮಾಡೆಲ್ ಅಳತೆಗೆ ಹೆಚ್ಚುಕಡಿಮೆ 14-16 ವೋಲ್ಟ್, ಅದು ಪ್ಲಸ್ ಮೈನಸ್ ಅದಲು ಬದಲಾಗ್ತಾ ಇರೋ ಚೌಕಾಕಾರದ ಅಲೆ. ಅಲೆಯ ಅರ್ಧ 58 ಮೈಕ್ರೋಸೆಕೆಂಡ್ ಇದ್ರೆ ಅದು "ಒಂದು", 100 ಮೈಕ್ರೋಸೆಕೆಂಡ್ ಇದ್ರೆ "ಸೊನ್ನೆ", ಹೀಗೆ ಕರೆಂಟ್ ಒಳಗೇ ಆದೇಶ ಹೋಗತ್ತೆ. ಇಂಜಿನ್ ನಿಂತಿದ್ರೂ ಅದರೊಳಗೆ ಆದೇಶ ಓದೋ ಡಿಕೋಡರ್ ಎಚ್ಚರ ಇರ್ಬೇಕಲ್ಲ, ಅದಕ್ಕೆ ಕೆಲವು ಮಿಲಿಆಂಪ್ ಎಳೀತಾನೇ ಇರತ್ತೆ. ಹಾಗಾಗಿ ನಿಂತ ಇಂಜಿನ್ನೂ ಕಾಣತ್ತೆ, ದೀಪ ಇರೋ ಬೋಗಿನೂ ಕಾಣತ್ತೆ. ಏನೂ ಎಳೀದೆ ಇರೋ ಸಾದಾ ವ್ಯಾಗನ್ ಮಾತ್ರ ಕಾಣಲ್ಲ, ನನ್ನ ಮೂರು ವ್ಯಾಗನ್ ಕಾಣೆಯಾಗಿದ್ದು ಇದಕ್ಕೇ.

ಈಗ ಡಿಟೆಕ್ಟರ್. ಕರೆಂಟ್ ನೋಡೋ ಡಿಟೆಕ್ಟರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಡಯೋಡ್‌ದು: ಬ್ಲಾಕಿಗೆ ಹೋಗೋ ವೈರ್‌ನ ದಾರಿಯಲ್ಲಿ ಡಯೋಡ್‌ಗಳನ್ನ ಎರಡೂ ದಿಕ್ಕಿಗೆ ಹಾಕಿರ್ತಾರೆ, ಕರೆಂಟ್ ಹರಿದ್ರೆ ಪ್ರತಿ ಡಯೋಡ್ ಮೇಲೆ ಸುಮಾರು 0.7 ವೋಲ್ಟ್ ಬೀಳತ್ತೆ, ಎರಡು ಸಾಲಾಗಿದ್ರೆ 1.4 ವೋಲ್ಟ್, ಅಷ್ಟು ಸಿಕ್ರೆ ಒಂದು ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸುದ್ದಿ ದಾಟಿಸೋ ಬಿಡಿಭಾಗ) ಹೊತ್ಕೊಳ್ಳತ್ತೆ, ಅದರ ಆ ಕಡೆಯಿಂದ "ಗಾಡಿ ಇದೆ" ಅಂತ ಸುದ್ದಿ. ಅಗ್ಗ, ಸೂಕ್ಷ್ಮ, ಆದ್ರೆ ಆ 1.4 ವೋಲ್ಟ್ ಹಳಿಗೆ ಸಿಗಲ್ಲ. ಅದಕ್ಕೇ ಹಾಕಿದ್ರೆ ಎಲ್ಲ ಬ್ಲಾಕಿಗೂ ಹಾಕಿ, ಇಲ್ಲಾಂದ್ರೆ ಡಿಟೆಕ್ಟರ್ ಇಲ್ಲದ ಬ್ಲಾಕಲ್ಲಿ ಇಂಜಿನ್ ಸ್ವಲ್ಪ ಜೋರಾಗಿ ಹೋಗೋದು ಕಣ್ಣಿಗೆ ಕಾಣ್ಬಹುದು. ಇನ್ನೊಂದು ಜಾತಿ ಕರೆಂಟ್ ಟ್ರಾನ್ಸ್‌ಫಾರ್ಮರ್: ಬ್ಲಾಕಿನ ವೈರನ್ನ ಒಂದು ಸಣ್ಣ ಉಂಗುರದ ಒಳಗಿಂದ ಹಾಯಿಸ್ತೀವಿ ಅಷ್ಟೇ, ಡಿಸಿಸಿ ಅದಲು ಬದಲಾಗೋ ಕರೆಂಟ್ ಆದ್ರಿಂದ ಉಂಗುರದ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟತ್ತೆ. ವೋಲ್ಟೇಜ್ ಬೀಳೋ ತೊಂದ್ರೆ ಇಲ್ಲ, ಹಳಿಗೂ ಡಿಟೆಕ್ಟರ್‌ಗೂ ವೈರ್ ಸಂಬಂಧನೇ ಇಲ್ಲ. ಸೂಕ್ಷ್ಮತೆ ಸಾಲ್ದಿದ್ರೆ ಅದೇ ವೈರನ್ನ ಉಂಗುರದೊಳಗೆ ಮೂರ್ನಾಲ್ಕು ಸುತ್ತು ಸುತ್ತಿದ್ರೆ ಹೆಚ್ಚಾಗತ್ತೆ. ಹೊಸದಾಗಿ ಮಾಡೋರಿಗೆ ನಾನು ಹೇಳೋದು ಎರಡನೇದನ್ನೇ.

ಬ್ಲಾಕ್ ಮಾಡೋದು ಕಷ್ಟ ಏನಲ್ಲ, ಒಂದು ಹಳಿಯಲ್ಲಿ ಎರಡೂ ತುದಿಗೆ ಗ್ಯಾಪ್ ಕೊಟ್ಟು ಪ್ಲಾಸ್ಟಿಕ್ ಜಾಯಿನರ್ ಹಾಕಿದ್ರೆ ಆಯ್ತು, ಇನ್ನೊಂದು ಹಳಿ ಉದ್ದಕ್ಕೂ ಕಾಮನ್. ಬ್ಲಾಕ್ ಉದ್ದ ನಿಮ್ಮ ಅತಿ ಉದ್ದದ ಗಾಡಿಗಿಂತ ಜಾಸ್ತಿ ಇರ್ಲಿ. ಯಾವ ಹಳಿಯಲ್ಲಿ ಗ್ಯಾಪ್ ಕೊಡ್ತೀರೋ ಇಡೀ ಲೇಔಟಿಗೆ ಅದೇ ಹಳಿ ಇಟ್ಕೊಳ್ಳಿ, ಆ ಹಳಿಯ ವೈರಿಗೆ ಒಂದೇ ಬಣ್ಣ. ಬಣ್ಣ ಮಾತ್ರ ತಪ್ಪಿಸ್ಬೇಡಿ.

ಯಾಕಂದ್ರೆ ನನಗೆ ಒಂದು ವಾರ ತಿಂದಿದ್ದು ಇದೇ. ಒಂದು ಬ್ಲಾಕಲ್ಲಿ ಗಾಡಿ ಒಳಗೆ ಬಂದಾಗ "ಇದೆ" ಅಂತ ತೋರ್ಸ್ತಿತ್ತು, ಮಧ್ಯಕ್ಕೆ ಬಂದಾಗ "ಖಾಲಿ", ಆಮೇಲೆ ಮತ್ತೆ "ಇದೆ". ಡಿಟೆಕ್ಟರ್ ಬದಲಾಯಿಸ್ದೆ, ಸಾಫ್ಟ್‌ವೇರ್ ನೋಡ್ದೆ, ಗಾಲಿ ಒರೆಸ್ದೆ. ಕೊನೆಗೆ ಬೋರ್ಡ್ ಕೆಳಗೆ ಮಲ್ಕೊಂಡು ಟಾರ್ಚ್ ಹಿಡ್ಕೊಂಡು ಹಳಿಗೆ ಕರೆಂಟ್ ತರೋ ಪ್ರತಿ ಫೀಡರ್ ವೈರ್‌ನ ಬೆರಳಲ್ಲಿ ಹಿಡಿದು ಅದರ ಮೂಲದ ತನಕ ಹೋದಾಗ ಗೊತ್ತಾಯ್ತು, ಆ ಬ್ಲಾಕಿನ ಒಳಗಿದ್ದ, ಗಾಡಿಯ ದಾರಿ ಬದಲಿಸೋ ಪಾಯಿಂಟ್‌ನ ಫ್ರಾಗ್ (ಹಳಿಗಳು ಒಂದನ್ನೊಂದು ದಾಟೋ ತುಂಡು) ವೈರ್ ಮತ್ತೆ ಅದರ ಪಕ್ಕದ ಒಂದು ಗಿಡ್ಡ ಹಳಿಯ ಫೀಡರ್ ಡಿಟೆಕ್ಟರ್ ಮೂಲಕ ಬರದೆ ನೇರವಾಗಿ ಮೇನ್ ಬಸ್‌ಗೆ (ಲೇಔಟಿಗೆಲ್ಲ ಕರೆಂಟ್ ಹಂಚೋ ಮುಖ್ಯ ವೈರ್) ಬೆಸುಗೆ ಆಗಿತ್ತು. ಗಾಡಿ ಆ ಗಿಡ್ಡ ತುಂಡಿನ ಮೇಲೆ ಇರೋವಷ್ಟು ಹೊತ್ತು ಕರೆಂಟ್ ಬೇರೆ ದಾರಿಯಿಂದ ಬರ್ತಿತ್ತು, ಡಿಟೆಕ್ಟರ್‌ಗೆ ಗೊತ್ತೇ ಆಗ್ತಿರ್ಲಿಲ್ಲ. ಇಂಜಿನ್ ಮಾತ್ರ ಒಂಚೂರೂ ತಡವರಿಸದೆ ಓಡ್ತಿತ್ತು, ಅದಕ್ಕೇ ಅನುಮಾನ ಬಂದಿರ್ಲಿಲ್ಲ. ನಿಯಮ ಒಂದೇ: ಒಂದು ಬ್ಲಾಕಿಗೆ ಸೇರಿದ ಪ್ರತಿಯೊಂದು ಫೀಡರ್, ಫ್ರಾಗ್ ಕೂಡ ಸೇರಿ, ಆ ಬ್ಲಾಕಿನ ಡಿಟೆಕ್ಟರ್ ದಾಟಿನೇ ಬರ್ಬೇಕು.

ಸರಿ, ಆ ಮೂರು ವ್ಯಾಗನ್‌ಗೆ ಬರೋಣ. ಪರಿಹಾರ ಆಕ್ಸಲ್ ಮೇಲೆ ರೆಸಿಸ್ಟರ್. ಎಚ್‌ಒದಲ್ಲಿ ರೂಢಿ 10 ಕಿಲೋಓಮ್. 15 ವೋಲ್ಟ್ ಅಂತ ಲೆಕ್ಕ ಹಾಕಿದ್ರೆ ಒಂದು ಆಕ್ಸಲ್ 1.5 ಮಿಲಿಆಂಪ್ ಎಳೀತದೆ, ಬಿಸಿ ಆಗೋದು 22 ಮಿಲಿವಾಟ್‌ನಷ್ಟು, ಏನೇನೂ ಅಲ್ಲ. ಎಸ್‌ಎಂಡಿ ರೆಸಿಸ್ಟರ್ ಒಂದು ಸಾಸಿವೆ ಕಾಳಿನಷ್ಟು ಇರತ್ತೆ, ಅದನ್ನ ಇನ್ಸುಲೇಟ್ ಆದ ಗಾಲಿಯ ಹಿಂಬದಿಯಲ್ಲಿ, ಪ್ಲಾಸ್ಟಿಕ್ ಬುಷ್ ಮೇಲೆ ಅಂಟಿಸಿ, ಒಂದು ತುದಿ ಗಾಲಿಗೂ ಇನ್ನೊಂದು ತುದಿ ಆಕ್ಸಲ್‌ಗೂ ಕಂಡಕ್ಟಿವ್ ಪೇಂಟ್‌ನಿಂದ ಸೇರಿಸ್ಬೇಕು. ಪೇಂಟ್ ಒಣಗಿದ ಮೇಲೆ ಮಲ್ಟಿಮೀಟರ್‌ನ ಎರಡು ಕಡ್ಡಿ ಎರಡು ಗಾಲಿಗೆ ಇಟ್ಟು ನೋಡಿ, 10 ಕಿಲೋಓಮ್ ಹತ್ರ ಬಂದ್ರೆ ಸರಿ. ಗಾಲಿನ ಬೆರಳಲ್ಲಿ ನಿಧಾನಕ್ಕೆ ತಿರುಗಿಸ್ತಾ ನೋಡಿ, ಮೀಟರ್‌ನ ಅಂಕೆ ಹಾರಾಡಿದ್ರೆ ಪೇಂಟ್ ಎಲ್ಲೋ ಬಿರುಕು ಬಿಟ್ಟಿದೆ ಅಂತ ಅರ್ಥ, ಇನ್ನೊಂದು ಕೋಟ್ ಹಚ್ಚಿ. ಗಾಲಿ ಲೋಹದ್ದೇ ಇರ್ಬೇಕು, ಪ್ಲಾಸ್ಟಿಕ್ ಗಾಲಿ ಇದ್ರೆ ಮೊದ್ಲು ಅದನ್ನ ಬದಲಾಯಿಸಿ.

ಎಷ್ಟು ಆಕ್ಸಲ್‌ಗೆ ಹಾಕ್ಬೇಕು? ಪ್ರತಿ ವ್ಯಾಗನ್‌ಗೆ ಒಂದು ಸಾಕು. 30 ವ್ಯಾಗನ್‌ಗೆ ಒಂದೊಂದು ಅಂದ್ರೆ 45 ಮಿಲಿಆಂಪ್, ಅದೇ ನಾಲ್ಕು ಆಕ್ಸಲ್‌ಗೂ ಹಾಕಿದ್ರೆ 180 ಮಿಲಿಆಂಪ್, ಹಳಿಗೆ ಕರೆಂಟ್ ಕೊಡೋ ಬೂಸ್ಟರ್ ಮೇಲೆ ಸುಮ್ನೆ ಭಾರ. ಬರೀ ಕೊನೇ ವ್ಯಾಗನ್‌ಗೆ ಹಾಕಿದ್ರೆ ಸಾಕು ಅಂತ ಕೆಲವ್ರು ಹೇಳ್ತಾರೆ, ಕಪ್ಲಿಂಗ್ ಬಿಟ್ಕೊಂಡಾಗ ಹಿಂದಿನ ತುಂಡು ಪತ್ತೆಯಾಗೋಕೆ ಅದು ಸಾಕು ನಿಜ, ಆದ್ರೆ ಯಾರ್ಡ್‌ನಲ್ಲಿ ಶಂಟಿಂಗ್ ಮಾಡಿದ ಮೇಲೆ ಕೊನೇ ವ್ಯಾಗನ್ ಯಾವುದು ಅಂತ ಯಾರು ನೆನಪಿಟ್ಕೊಳ್ತಾರೆ. ಎಲ್ಲಾ ವ್ಯಾಗನ್‌ಗೂ ಹಾಕೋದು ಬೇಸರದ ಕೆಲಸ, ಸಂಜೆಗೆ ಐದಾರು ಆಕ್ಸಲ್ ಅಂತ ಮಾಡ್ಕೊಂಡು ಹೋಗಿ, ಮುಗಿಯತ್ತೆ.

ಇಲ್ಲಿ ಸೂಕ್ಷ್ಮತೆ ಪ್ರಶ್ನೆ ಬರತ್ತೆ. ಡಿಟೆಕ್ಟರ್ 10 ಕಿಲೋಓಮ್‌ನ ಒಂದೇ ಆಕ್ಸಲ್ ನೋಡ್ಬೇಕು, ಆದ್ರೆ ಅದಕ್ಕಿಂತ ತುಂಬಾ ಸೂಕ್ಷ್ಮ ಆದ್ರೂ ಕಷ್ಟ, ಇಲ್ಲದ ಗಾಡಿ ಕಾಣೋಕೆ ಶುರುವಾಗತ್ತೆ. ಹಳಿ ಮಧ್ಯೆ ಜಲ್ಲಿ ಹಾಕಿ ನೀರು ಬೆರೆಸಿದ ಬಿಳಿ ಅಂಟು ಹನಿಸಿದ ದಿನ ನೋಡಿ, ಇಡೀ ಲೈನ್ "ಗಾಡಿ ಇದೆ" ಅಂತ ಕೆಂಪಾಗಿರತ್ತೆ, ಯಾಕಂದ್ರೆ ಒದ್ದೆ ಜಲ್ಲಿ ಮೂಲಕನೇ ಕರೆಂಟ್ ಈ ಹಳಿಯಿಂದ ಆ ಹಳಿಗೆ ಸೋರ್ತಿರತ್ತೆ. ಭಯ ಬೇಡ, ಪೂರ್ತಿ ಒಣಗಿದ ಮೇಲೆ ಸರಿಹೋಗತ್ತೆ, ಒಣಗೋ ತನಕ ಡಿಟೆಕ್ಟರ್ ಟ್ಯೂನ್ ಮಾಡೋಕೆ ಹೋಗ್ಬೇಡಿ ಅಷ್ಟೆ. ಇನ್ನೊಂದು ಭೂತದ ಗಾಡಿ ಬರೋದು ಉದ್ದ ವೈರ್‌ಗಳಿಂದ: ಡಿಟೆಕ್ಟರ್‌ನಿಂದ ಬ್ಲಾಕಿಗೆ ವೈರ್ ಬಹಳ ಉದ್ದ ಇದ್ದು ಪಕ್ಕದ ವೈರ್ ಜೊತೆ ಅಂಟ್ಕೊಂಡು ಹೋಗಿದ್ರೆ ಅವೆರಡರ ನಡುವೆ ಸಣ್ಣ ಕೆಪ್ಯಾಸಿಟರ್ ಆದ ಹಾಗೆ, ಡಿಸಿಸಿ ಅಲೆ ಅದರ ಮೂಲಕನೇ ಸ್ವಲ್ಪ ಹಾದುಹೋಗತ್ತೆ. ಡಿಟೆಕ್ಟರ್‌ಗಳನ್ನ ಒಂದೇ ಕಡೆ ಗುಡ್ಡೆ ಹಾಕ್ದೆ ಆಯಾ ಬ್ಲಾಕಿನ ಹತ್ರ ಇಟ್ರೆ ಈ ತೊಂದ್ರೆ ಬಹುಪಾಲು ಇಲ್ಲ.

ಗಾಲಿ ಕೊಳೆ ಇದ್ರೆ ಸುದ್ದಿ ಮಿಣುಕ್ತಿರತ್ತೆ, ಇದೆ-ಇಲ್ಲ-ಇದೆ ಅಂತ. ಅದಕ್ಕೆ ವಿಳಂಬ ಇಡ್ಬೇಕು, ಅದೂ ಒಂದೇ ಕಡೆಗೆ: "ಇದೆ" ಅನ್ನೋ ಸುದ್ದಿ ತಕ್ಷಣ ಹೋಗ್ಲಿ, "ಖಾಲಿ" ಅನ್ನೋ ಸುದ್ದಿ ಒಂದೆರಡು ಸೆಕೆಂಡ್ ಖಾಲಿನೇ ಇದ್ದ ಮೇಲೆ ಹೋಗ್ಲಿ. ಹೆಚ್ಚಿನ ಡಿಟೆಕ್ಟರ್‌ಗಳಲ್ಲೇ ಇದು ಇರತ್ತೆ, ಇಲ್ಲಾಂದ್ರೆ ಸಾಫ್ಟ್‌ವೇರ್‌ನಲ್ಲಿ ಇಡ್ಬಹುದು.

ಇನ್ನು ಡಿಟೆಕ್ಟರ್‌ಗಳ ಸುದ್ದಿ ಸಾಗಿಸೋ ವೈರ್, ಅಂದ್ರೆ ಬಸ್. ಇದು ಆದೇಶ ಕಳ್ಸೋ ನಿಮ್ಮ ಕಮಾಂಡ್ ಸ್ಟೇಷನ್ ಯಾವುದು ಅನ್ನೋದರ ಮೇಲೆ ಹೋಗತ್ತೆ, ಆದ್ರಿಂದ ಹೆಚ್ಚು ಹೇಳಲ್ಲ. ಎಸ್88 ಅನ್ನೋದು ಒಂದರ ಬಾಲಕ್ಕೆ ಇನ್ನೊಂದು ಸೇರ್ಸೋ ಸರಪಳಿ, ಒಂದು ಮಾಡ್ಯೂಲ್‌ಗೆ ಸಾಮಾನ್ಯವಾಗಿ 16 ಇನ್‌ಪುಟ್, ನಂಬರ್ ಅನ್ನೋದು ಸಾಲಿನಲ್ಲಿ ಎಷ್ಟನೇದು ಅನ್ನೋದರ ಮೇಲೇ ಬರತ್ತೆ, ಹಾಗಾಗಿ ಮಧ್ಯದಲ್ಲಿ ಒಂದು ಹೊಸ ಮಾಡ್ಯೂಲ್ ತೂರ್ಸಿದ್ರೆ ಅದರ ಮುಂದಿನ ಎಲ್ಲ ನಂಬರೂ 16 ಜರುಗತ್ತೆ. ಹೊಸದನ್ನ ಯಾವಾಗ್ಲೂ ಕೊನೆಗೇ ಸೇರಿಸಿ. ಡಿಜಿಟ್ರಾಕ್ಸ್‌ನ ಲೋಕೋನೆಟ್‌ನಲ್ಲಿ, ಲೆನ್ಜ್‌ನ ಆರ್‌ಎಸ್ ಬಸ್‌ನಲ್ಲಿ ಮಾಡ್ಯೂಲ್‌ಗೆ ಅದರದ್ದೇ ಅಡ್ರೆಸ್ ಇರತ್ತೆ, ಆ ಗೊಂದಲ ಇಲ್ಲ. ರೈಲ್‌ಕಾಮ್ ಇರೋ ಡಿಟೆಕ್ಟರ್ ಆದ್ರೆ ಗಾಡಿ ಇದೆ ಅನ್ನೋದು ಮಾತ್ರ ಅಲ್ಲ, ಯಾವ ಇಂಜಿನ್ ಅಂತನೂ ಹೇಳತ್ತೆ.

ಈಗ ನನಗೆ ಅತಿ ಮುಖ್ಯ ಅನ್ಸೋ ಸಂಗತಿ. ಎಲ್ಲೋ ಒಂದು ಶಾರ್ಟ್ ಆಯ್ತು ಅಂದ್ಕೊಳ್ಳಿ, ಬೂಸ್ಟರ್ ಕರೆಂಟ್ ಕಡಿದುಬಿಡತ್ತೆ. ಹಳಿಯಲ್ಲಿ ಕರೆಂಟ್ ಇಲ್ಲ ಅಂದ್ರೆ ಯಾವ ಬ್ಲಾಕಲ್ಲೂ ಯಾರೂ ಎಳೀತಿಲ್ಲ, ಅಂದ್ರೆ ಡಿಟೆಕ್ಟರ್‌ಗಳ ಲೆಕ್ಕದಲ್ಲಿ ಇಡೀ ಲೇಔಟ್ ಖಾಲಿ! ಗಾಡಿಗಳು ತುಂಬಿ ನಿಂತಿರೋ ಹೊತ್ತಲ್ಲಿ ಎಲ್ಲಾ ಸಿಗ್ನಲ್ ಹಸಿರಾಗತ್ತೆ, ಕರೆಂಟ್ ವಾಪಸ್ ಬಂದ ಕ್ಷಣದಲ್ಲಿ ಆಟೋಮ್ಯಾಟಿಕ್ ಓಡ್ತಿರೋ ಗಾಡಿಗಳು ಆ ಹಸಿರನ್ನೇ ನಂಬಿ ಹೊರಡ್ಬಹುದು. ಕೆಲವು ಡಿಟೆಕ್ಟರ್‌ಗಳು ಕರೆಂಟ್ ಹೋದಾಗ ಹಳೇ ಸ್ಥಿತಿನೇ ಹಿಡ್ಕೊಂಡಿರ್ತವೆ, ನಿಮ್ಮದು ಹಾಗಿದೆಯಾ ಅಂತ ಮೊದ್ಲು ನೋಡ್ಕೊಳ್ಳಿ. ಇಲ್ಲಾಂದ್ರೆ ನಾನು ಮಾಡ್ಕೊಂಡಿರೋ ಏರ್ಪಾಡು ಹೇಳ್ತೀನಿ. ಪ್ರತಿ ಬೂಸ್ಟರ್‌ನ ವಲಯದಲ್ಲಿ ಒಂದು ಇನ್‌ಪುಟ್ ಬಿಟ್ಟುಕೊಟ್ಟು, ಆ ಇನ್‌ಪುಟ್‌ನ ಡಿಟೆಕ್ಟರ್ ದಾಟಿ, ವಲಯದ ಬಸ್ ವೈರ್‌ನ ದೂರದ ತುದಿಯಲ್ಲಿ 2.2 ಕಿಲೋಓಮ್, ಕಾಲು ವಾಟ್‌ನ ಒಂದು ರೆಸಿಸ್ಟರ್‌ನ ಖಾಯಂ ಆಗಿ ಬೆಸೆದಿದೀನಿ. ಅದು ಸುಮಾರು 7 ಮಿಲಿಆಂಪ್ ಎಳೀತಾನೇ ಇರತ್ತೆ, ಅಂದ್ರೆ ಅಲ್ಲೊಂದು ಯಾವತ್ತೂ ಹೊರಡದ ಗಾಡಿ ನಿಂತ ಹಾಗೆ. ಆ ಗಾಡಿ "ಇಲ್ಲ" ಅಂತ ಬಂತು ಅಂದ್ರೆ ಹಳಿಯಲ್ಲಿ ಕರೆಂಟ್ ಇಲ್ಲ ಅಥವಾ ವೈರ್ ಹೋಗಿದೆ ಅಂತ ಅರ್ಥ, ಆಗ ಆ ವಲಯದ ಸಿಗ್ನಲ್ ಎಲ್ಲಾ ಕೆಂಪು, ಬ್ಲಾಕ್‌ಗಳ ಮಾತು ನಂಬಬಾರದು. ರಾಬಿನ್‌ಸನ್‌ರ ರಿಲೇ ಮಾಡ್ತಿದ್ದ ಕೆಲಸದಲ್ಲಿ ಒಂದು ಪಾಲನ್ನ ಈ ಒಂದು ಸಣ್ಣ ರೆಸಿಸ್ಟರ್ ನಮಗೆ ವಾಪಸ್ ಕೊಡತ್ತೆ.

ಇನ್ನೊಂದು ಕಾವಲು ಲಾಜಿಕ್‌ನಲ್ಲಿ ಇಡ್ಬಹುದು. ಗಾಡಿ ಗಾಳಿಯಲ್ಲಿ ಮಾಯ ಆಗಲ್ಲ. ಒಂದು ಬ್ಲಾಕಲ್ಲಿ ಇತ್ತು ಅಂದ್ರೆ ಅದು ಹೊರಗೆ ಹೋಗ್ಬೇಕಾದ್ರೆ ಪಕ್ಕದ ಬ್ಲಾಕ್ ಮೊದ್ಲು "ಇದೆ" ಅನ್ಬೇಕು, ಆಮೇಲೇ ಈ ಬ್ಲಾಕ್ "ಖಾಲಿ" ಆಗ್ಬೇಕು. ಪಕ್ಕದ್ದು ಏನೂ ಹೇಳದೇ ಇದು ಖಾಲಿ ಅಂದ್ರೆ ನಂಬ್ಬೇಡಿ, ನೀವೇ ಕಣ್ಣಾರೆ ನೋಡಿ ಸರಿ ಅನ್ನೋ ತನಕ ಕೆಂಪೇ ಇರ್ಲಿ. ಜೆಎಂಆರ್‌ಐ ಥರದ ಉಚಿತ ಸಾಫ್ಟ್‌ವೇರ್‌ನಲ್ಲಿ ಸೆನ್ಸರ್‌ಗೆ ಇದೆ, ಇಲ್ಲ ಅನ್ನೋದರ ಜೊತೆಗೆ "ಗೊತ್ತಿಲ್ಲ" ಅನ್ನೋ ಸ್ಥಿತಿನೂ ಇದೆ, ಅದನ್ನೂ ಕೆಂಪು ಅಂತಲೇ ತಗೊಳ್ಳಿ.

ಸಿಗ್ನಲ್‌ನ ಲಾಜಿಕ್ ಇಷ್ಟೆಲ್ಲ ಆದ ಮೇಲೆ ಸುಲಭ. ಸಿಗ್ನಲ್ ಮೂರು ಪ್ರಶ್ನೆ ಕೇಳತ್ತೆ. ಮುಂದಿರೋ ಪಾಯಿಂಟ್ ನನ್ನ ದಾರಿಗೆ ಸರಿಯಾಗಿ ಬಿದ್ದಿದೆಯಾ? ಮುಂದಿನ ಬ್ಲಾಕ್ ಖಾಲಿನಾ? ಮುಂದಿನ ಸಿಗ್ನಲ್ ಏನು ತೋರಿಸ್ತಿದೆ? ಮೊದಲೆರಡರಲ್ಲಿ ಒಂದಕ್ಕೆ ಇಲ್ಲ ಅಂತ ಬಂದ್ರೂ ಕೆಂಪು. ಎರಡೂ ಸರಿ ಇದ್ದು ಮುಂದಿನ ಸಿಗ್ನಲ್ ಕೆಂಪಿದ್ರೆ ಹಳದಿ, ನಾಲ್ಕು ಆಸ್ಪೆಕ್ಟ್ (ನಾಲ್ಕು ಥರದ ಸೂಚನೆ) ಪದ್ಧತಿಯಲ್ಲಿ ಮುಂದಿನದು ಹಳದಿ ಇದ್ರೆ ಇದು ಡಬಲ್ ಹಳದಿ, ಇಲ್ಲಾಂದ್ರೆ ಹಸಿರು. ಹೀಗೆ ಒಂದು ಗಾಡಿಯ ಹಿಂದೆ ಕೆಂಪು, ಹಳದಿ, ಡಬಲ್ ಹಳದಿ, ಹಸಿರು ಅಂತ ಸಾಲಾಗಿ ತಾನಾಗೇ ಹಿಂಬಾಲಿಸತ್ತೆ, ಮೊದಲ ಸಲ ಅದನ್ನ ನೋಡೋ ಸುಖ ಬೇರೆ.

ದೀಪದ ವಿಷಯ ಸ್ವಲ್ಪ. ಎಲ್‌ಇಡಿಗೆ 12 ವೋಲ್ಟ್‌ನಲ್ಲಿ 1 ಕಿಲೋಓಮ್ ಹಾಕಿದ್ರೆ ಸುಮಾರು 10 ಮಿಲಿಆಂಪ್, ಅದು ಸಣ್ಣ ಸಿಗ್ನಲ್‌ಗೆ ಕಣ್ಣು ಕುಕ್ಕೋವಷ್ಟು ಆಗತ್ತೆ. ಈಗಿನ ಹಸಿರು ಎಲ್‌ಇಡಿ ಕೆಂಪಿಗಿಂತ ಬಹಳ ಜೋರು, ಹಾಗಾಗಿ ಮೂರಕ್ಕೂ ಒಂದೇ ರೆಸಿಸ್ಟರ್ ಹಾಕ್ಬೇಡಿ, ಬಣ್ಣಕ್ಕೊಂದು ಬೇರೆ ಇಟ್ಟು ಕೋಣೆಯ ಮಾಮೂಲಿ ಬೆಳಕಲ್ಲಿ ನೋಡಿ ಸರಿಮಾಡಿ. ಸಿಗ್ನಲ್ ಕಾಮನ್ ಆನೋಡ್‌ದಾ (ದೀಪಗಳಿಗೆಲ್ಲ ಪ್ಲಸ್ ಒಂದೇ) ಕಾಮನ್ ಕ್ಯಾಥೋಡ್‌ದಾ (ಮೈನಸ್ ಒಂದೇ) ಅಂತ ಡಿಕೋಡರ್ ತಗೊಳ್ಳೋ ಮುಂಚೆನೇ ನೋಡ್ಕೊಳ್ಳಿ. ಸಿಗ್ನಲ್ ಡಿಕೋಡರ್, ಪಾಯಿಂಟ್ ಡಿಕೋಡರ್ ಇವುಗಳಿಗೆ ಹಳಿಯ ಬಸ್‌ನಿಂದ ಕರೆಂಟ್ ಕೊಡದೆ ಬೇರೆ ಬಸ್ ಮಾಡಿ, ಯಾಕಂದ್ರೆ ಗಾಡಿ ತಪ್ಪು ಬಿದ್ದ ಪಾಯಿಂಟ್ ಮೇಲೆ ಹೋಗಿ ಶಾರ್ಟ್ ಆದ್ರೆ, ಅದೇ ಕರೆಂಟ್‌ನಿಂದ ನಡೆಯೋ ಪಾಯಿಂಟ್‌ನ ಬದಲಾಯಿಸೋಕೂ ಆಗಲ್ಲ, ಸಿಗ್ನಲ್ ಕೆಂಪು ಮಾಡೋಕೂ ಆಗಲ್ಲ. ಇನ್ನೊಂದು, ಡಿಕೋಡರ್‌ಗೆ 1ನೇ ಅಡ್ರೆಸ್ ಕೊಟ್ರೂ 5ಕ್ಕೆ ಉತ್ತರ ಕೊಡ್ತಿದ್ರೆ ಕೆಟ್ಟಿದೆ ಅಂದ್ಕೋಬೇಡಿ, ಬೇರೆ ಬೇರೆ ಕಂಪನಿಯವ್ರು ಎಣಿಕೆ ಶುರು ಮಾಡೋ ಜಾಗದಲ್ಲಿ ನಾಲ್ಕರ ವ್ಯತ್ಯಾಸ ಇರೋದುಂಟು.

ಬ್ಲಾಕ್ ಡಿಟೆಕ್ಷನ್ "ಇದರೊಳಗೆ ಎಲ್ಲೋ ಇದೆ" ಅನ್ನತ್ತೆ ಹೊರತು "ಇಲ್ಲೇ ಇದೆ" ಅನ್ನಲ್ಲ. ಕಣ್ಣಿಗೆ ಕಾಣದ ಹಿಂಬದಿ ಲೈನ್‌ಗಳಲ್ಲಿ ಗಾಡಿ ಸರಿಯಾದ ಜಾಗದಲ್ಲಿ ನಿಲ್ಬೇಕು ಅಂದ್ರೆ ಕೊನೆಯಲ್ಲಿ ಒಂದು ಇನ್‌ಫ್ರಾರೆಡ್ ಸೆನ್ಸರ್ ಇಡಿ, ಅದರ ಕಿರಣ ಹಳಿಗೆ ಓರೆಯಾಗಿ ಹೋಗ್ಲಿ, ನೇರ ಅಡ್ಡ ಇಟ್ರೆ ಎರಡು ಬೋಗಿ ಮಧ್ಯದ ಸಂದಿಯಲ್ಲಿ ಕಿರಣ ದಾಟಿ "ಖಾಲಿ" ಅಂದ್ಬಿಡತ್ತೆ. ಕಿಟಕಿಯ ಬಿಸಿಲು ನೇರವಾಗಿ ಬೀಳೋ ಜಾಗದಲ್ಲಿ ಇನ್‌ಫ್ರಾರೆಡ್ ಬೇಡ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಇಂಜಿನ್ ಓಡಿಸಿ ನೋಡೋದು ಪರೀಕ್ಷೆ ಅಲ್ಲ, ಇಂಜಿನ್ ಬೇಕಾದಷ್ಟು ಕರೆಂಟ್ ಎಳೀತದೆ, ಅದನ್ನ ಎಂಥ ಡಿಟೆಕ್ಟರೂ ನೋಡತ್ತೆ. ಒಂದೇ ಒಂದು ರೆಸಿಸ್ಟರ್ ಆಕ್ಸಲ್ ಇರೋ ಒಂದೇ ವ್ಯಾಗನ್ ತಗೊಳ್ಳಿ, ಹಳಿ ಮೇಲೆ ಇಡಿ, ಪಕ್ಕದಲ್ಲಿ ಸ್ಕ್ರೀನ್ ಇಟ್ಕೊಂಡು ಒಂದು ಬೆರಳಲ್ಲಿ ನಿಧಾನಕ್ಕೆ ತಳ್ತಾ ಹೋಗಿ, ಒಂದು ಗೇಣು ತಳ್ಳೋದು, ನಿಲ್ಸೋದು, ವಿಳಂಬಕ್ಕೆ ಇಟ್ಟ ಸೆಕೆಂಡ್‌ಗಿಂತ ಜಾಸ್ತಿ ಕಾಯೋದು, ನೋಡೋದು. ಗ್ಯಾಪ್ ಹತ್ರ, ಫ್ರಾಗ್ ಮೇಲೆ, ಗಿಡ್ಡ ತುಂಡುಗಳ ಮೇಲೆ ಇನ್ನೂ ನಿಧಾನ. ಎಲ್ಲಾದ್ರೂ "ಖಾಲಿ" ಅಂತ ಬಂದ್ರೆ ಅಲ್ಲೇ ಹಳಿ ಪಕ್ಕದಲ್ಲಿ ಚಾಕ್‌ಪೀಸ್‌ನಿಂದ ಗೆರೆ ಹಾಕಿ, ಬೋರ್ಡ್ ಕೆಳಗೆ ಹೋಗಿ ಆ ಗೆರೆಯ ನೇರಕ್ಕೆ ಇರೋ ಫೀಡರ್ ಹುಡುಕಿ. ಕೊನೆಗೆ ಒಂದು ಸ್ಕ್ರೂಡ್ರೈವರ್ ಹಳಿ ಮೇಲೆ ಅಡ್ಡ ಇಟ್ಟು ಬೇಕಂತಲೇ ಶಾರ್ಟ್ ಮಾಡಿ. ಬೂಸ್ಟರ್ ಕಡಿದ ತಕ್ಷಣ ಆ ವಲಯದ ಒಂದೊಂದು ಸಿಗ್ನಲ್ಲೂ ಕೆಂಪಾಗ್ಬೇಕು, ಸ್ಕ್ರೂಡ್ರೈವರ್ ತೆಗೆದ ಮೇಲೂ ಬ್ಲಾಕ್‌ಗಳು ತಮ್ಮ ಗಾಡಿಗಳನ್ನ ಮತ್ತೆ ಗುರುತಿಸೋ ತನಕ ಕೆಂಪಾಗೇ ಇರ್ಬೇಕು.